ಮೂರು ಸಾವಿರ ಡಾಲರ್, ಒಂದು ಹಳೆಯ ಮಸ್ಟಾಂಗ್: ಮೊದಲ ಸುಧಾರಣೆಗಳ ವಿಮರ್ಶೆ

ಮಿಶಿಗನ್‌ನಲ್ಲಿ ವಾಸವಾಗಿರುವ ನಾನು 2012ರ ಫೋರ್ಡ್ ಮಸ್ಟಾಂಗ್ ಜಿಟಿ ಒಂದನ್ನು ಎರಡನೆಯ ಮಾಲೀಕನಾಗಿ ಕೊಂಡಾಗ, ಅದರ ಓಟವನ್ನು ಇನ್ನಷ್ಟು ಚುರುಕುಗೊಳಿಸಲೆಂದು ಮೂರು ಸಾವಿರ ಡಾಲರುಗಳನ್ನು ಬೇರೆಯಾಗಿ ತೆಗೆದಿರಿಸಿದ್ದೆ. ಎರಡು ಬೇಸಿಗೆಗಳ ಅವಧಿಯಲ್ಲಿ ಆ ಹಣ ಯಾವ ಯಾವ ಬಿಡಿಭಾಗಗಳಿಗೆ ಹೋಯಿತು, ಯಾವುದು ಕೊಟ್ಟ ಬೆಲೆಗೆ ತಕ್ಕ ಕೆಲಸ ಮಾಡಿತು, ಯಾವುದನ್ನು ಕೊಳ್ಳದೆ ಬಿಟ್ಟದ್ದೇ ಒಳ್ಳೆಯದಾಯಿತು ಎಂಬ ಲೆಕ್ಕ ಈ ಬರಹದಲ್ಲಿದೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಇಂಥ ಕಾರಿಗೆ ಮೊದಲ ಎರಡು ಸಾವಿರ ಡಾಲರುಗಳಲ್ಲಿ ಒಂದು ಬಿಡಿಗಾಸನ್ನೂ ಎಂಜಿನ್ನಿಗೆ ಖರ್ಚು ಮಾಡಬಾರದು.

ಹೀಗೆಂದರೆ ಹಲವರಿಗೆ ನಿರಾಸೆಯಾಗುತ್ತದೆ, ನನಗೂ ಆಗಿತ್ತು. ಅಮೆರಿಕದಲ್ಲಿ ಮಸಲ್ ಕಾರ್ ಎಂಬ ಕಲ್ಪನೆಯೇ ಎಂಜಿನ್ನಿನ ಸುತ್ತ ಬೆಳೆದದ್ದು. 1964ರಲ್ಲಿ ಪಾಂಟಿಯಾಕ್ ಕಂಪನಿಯು ಮಧ್ಯಮ ಗಾತ್ರದ ಕಾರಿನಲ್ಲಿ 389 ಘನ ಅಂಗುಲದ ದೊಡ್ಡ ಎಂಜಿನ್ನನ್ನು ಕೂರಿಸಿ ಜಿಟಿಒ ಎಂದು ಮಾರಿದಂದಿನಿಂದ, ಅಗ್ಗದ ಕಾರು ಮತ್ತು ದೊಡ್ಡ ಎಂಜಿನ್ ಎಂಬುದೇ ಇಲ್ಲಿನ ಸೂತ್ರ. ಅದೇ ವರ್ಷ ಹುಟ್ಟಿದ ಮಸ್ಟಾಂಗನ್ನು ಪೋನಿ ಕಾರ್ (ಚಿಕ್ಕ, ಚುರುಕಿನ ಕಾರು) ಎನ್ನಬೇಕೇ ಹೊರತು ಮಸಲ್ ಕಾರ್ ಎನ್ನಬಾರದೆಂದು ವಾದಿಸುವ ಮಡಿವಂತರು ಈಗಲೂ ಇದ್ದಾರೆ. ಐದು ಲೀಟರಿನ ವಿ8 (ಎಂಟು ಸಿಲಿಂಡರಿನ) ಎಂಜಿನ್ ಇರುವ ಕಾರಿನ ಮಟ್ಟಿಗೆ ಆ ಜಾತಿವಿಚಾರ ನನಗೆ ಬೇಕಿಲ್ಲ.

ಕಾರಿನ ಮೂಲಸ್ಥಿತಿ ಹೀಗಿತ್ತು. ಕಯೋಟಿ ಎಂದು ಹೆಸರಾದ ಐದು ಲೀಟರಿನ ಎಂಜಿನ್. ಕಾರ್ಖಾನೆಯ ಲೆಕ್ಕದಂತೆ 412 ಅಶ್ವಶಕ್ತಿ, 390 ಪೌಂಡ್-ಅಡಿ ಟಾರ್ಕ್ (ತಿರುಗಿಸುವ ಬಲ). ಎಂಟಿ82 ಎಂಬ ಆರು ಗೇರುಗಳ ಮ್ಯಾನುಯಲ್ ಪೆಟ್ಟಿಗೆ. ಹಿಂದೆ 8.8 ಅಂಗುಲದ ಗೇರ್ ಚಕ್ರವಿರುವ, ಎಡಬಲ ಚಕ್ರಗಳನ್ನು ಒಂದೇ ಗಟ್ಟಿ ಕೊಳವೆಯಲ್ಲಿ ಬಂಧಿಸಿದ ಆಕ್ಸಲ್. ಅದರ ಅನುಪಾತ 3.31, ಅಂದರೆ ಚಕ್ರ ಒಮ್ಮೆ ಸುತ್ತಲು ಗೇರ್ ಪೆಟ್ಟಿಗೆಯಿಂದ ಬರುವ ದಂಡ 3.31 ಸುತ್ತು ತಿರುಗಬೇಕು. ಹದಿನೆಂಟು ಅಂಗುಲದ ರಿಮ್ಮುಗಳ ಮೇಲೆ 235 ಮಿಲಿಮೀಟರ್ ಅಗಲದ ಟೈರುಗಳು. ಅವೂ ಹಿಂದಿನ ಮಾಲೀಕರು ಮಳೆ, ಹಿಮ, ಬಿಸಿಲು ಎಲ್ಲಕ್ಕೂ ಆದೀತೆಂದು ಹಾಕಿಸಿದ್ದ ಆಲ್-ಸೀಸನ್ ಟೈರುಗಳು. ಒಟ್ಟು ತೂಕ ಸುಮಾರು 3,600 ಪೌಂಡ್.

ಏನನ್ನಾದರೂ ಕೊಳ್ಳುವ ಮೊದಲು ಕಾಗದ ಪೆನ್ಸಿಲ್ ಹಿಡಿದು ಒಂದು ಸಣ್ಣ ಲೆಕ್ಕ ಮಾಡಿದೆ; ಮುಂದಿನ ಎಲ್ಲ ನಿರ್ಧಾರಗಳೂ ಅದರಿಂದಲೇ ಹುಟ್ಟಿದವು. ಎಂಟಿ82ರ ಮೊದಲ ಗೇರಿನ ಅನುಪಾತ 3.66. 390ನ್ನು 3.66ರಿಂದಲೂ ಮತ್ತೆ 3.31ರಿಂದಲೂ ಗುಣಿಸಿದರೆ ಚಕ್ರದ ಬಳಿ ಸುಮಾರು 4,725 ಪೌಂಡ್-ಅಡಿ ಟಾರ್ಕ್ ಬರುತ್ತದೆ. ದಾರಿಯಲ್ಲಿ ನಷ್ಟವಾಗುವ ನೂರಕ್ಕೆ ಹನ್ನೆರಡರಷ್ಟನ್ನು ಕಳೆದು, ಟೈರಿನ ತ್ರಿಜ್ಯದಿಂದ ಭಾಗಿಸಿದರೆ, ಹಿಂದಿನ ಎರಡು ಟೈರುಗಳು ರಸ್ತೆಯನ್ನು ಹಿಂದಕ್ಕೆ ತಳ್ಳಬಹುದಾದ ಬಲ ಸುಮಾರು 3,660 ಪೌಂಡ್ ಎಂದಾಗುತ್ತದೆ. ಇನ್ನು ಆ ಟೈರುಗಳ ಮೇಲೆ ಬೀಳುವ ಭಾರವನ್ನು ನೋಡೋಣ. ಕಾರಿನ ತೂಕದ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಭಾಗ ಹಿಂದಿರುತ್ತದೆ. ವೇಗ ಏರುವಾಗ ಹಿಂದಕ್ಕೆ ವಾಲುವ ಭಾರವನ್ನು ಸೇರಿಸಿದರೂ ಅದು 2,050 ಪೌಂಡ್ ದಾಟುವುದು ಕಷ್ಟ. ಒಣ ಡಾಂಬರಿನ ಮೇಲೆ ಒಳ್ಳೆಯ ಟೈರು ತನ್ನ ಮೇಲಿನ ಭಾರದಷ್ಟೇ ಬಲವನ್ನು ಹಿಡಿದುಕೊಳ್ಳುತ್ತದೆಂದು ಇಟ್ಟುಕೊಂಡರೆ, ಮೊದಲ ಗೇರಿನಲ್ಲಿ ಎಂಜಿನ್ ಕೊಡಬಲ್ಲ ಬಲವು ಟೈರು ತಾಳಬಲ್ಲ ಬಲದ ಹತ್ತಿರ ಹತ್ತಿರ ಎರಡು ಪಟ್ಟು. ಎರಡನೆಯ ಗೇರಿನಲ್ಲಿ ಅದು ಸುಮಾರು 2,430 ಪೌಂಡ್, ಅಂದರೆ ಅಲ್ಲಿಯೂ ಟೈರಿನ ಮಿತಿಗಿಂತ ಮೇಲೆಯೇ. ಮೂರನೆಯ ಗೇರಿಗೆ ಬಂದಾಗ ಮಾತ್ರ ಅದು 1,690 ಪೌಂಡಿಗೆ ಇಳಿದು, ಟೈರು ನಿರಾಳವಾಗಿ ಉಸಿರಾಡುತ್ತದೆ.

ಈ ಅಂಕಿಗಳನ್ನು ಕಂಡ ಮೇಲೆ, ಇನ್ನೂ ಇಪ್ಪತ್ತು ಅಶ್ವಶಕ್ತಿ ಕೊಂಡು ತರುವುದು ತುಂಬಿ ಹರಿಯುವ ಕೊಡಕ್ಕೆ ಮತ್ತೊಂದು ಚೊಂಬು ನೀರು ಸುರಿದಂತೆ ಎಂಬುದು ಸ್ಪಷ್ಟವಾಯಿತು. ಆದ್ದರಿಂದ ಮೊದಲ ಖರೀದಿ ಟೈರು.

ಇಲ್ಲಿ ಒಂದು ಉಪಾಯವನ್ನು ವಿವರವಾಗಿ ಹೇಳಬೇಕು, ಏಕೆಂದರೆ ಕಡಿಮೆ ಹಣದಲ್ಲಿ ಕೆಲಸ ಮಾಡುವವರಿಗೆ ಇದರಷ್ಟು ಉಪಯುಕ್ತವಾದದ್ದು ಬೇರೆ ಇಲ್ಲ. ಅದೇ ವರ್ಷಗಳ ಮಸ್ಟಾಂಗ್ ಜಿಟಿಯನ್ನು ಬ್ರೆಂಬೋ ಕಂಪನಿಯ ದೊಡ್ಡ ಬ್ರೇಕಿನ ಪ್ಯಾಕೇಜಿನೊಂದಿಗೆ ಕೊಂಡವರಿಗೆ ಕಾರ್ಖಾನೆಯಿಂದಲೇ ಹತ್ತೊಂಬತ್ತು ಅಂಗುಲದ ಅಗಲ ರಿಮ್ಮುಗಳು ಬರುತ್ತಿದ್ದವು. ಅವರಲ್ಲಿ ಅನೇಕರು ಮೊದಲ ವರ್ಷವೇ ಹೊಳೆಯುವ ಹೊಸ ರಿಮ್ಮುಗಳನ್ನು ಹಾಕಿಸಿ, ಮೂಲ ರಿಮ್ಮುಗಳನ್ನು ಕಳಚಿ ಗ್ಯಾರೇಜಿನ ಮೂಲೆಗೆ ಒರಗಿಸಿರುತ್ತಾರೆ. ಹಾಗೆ ಕಳಚಿಟ್ಟ ನಾಲ್ಕು ರಿಮ್ಮುಗಳು, ಗಾಳಿಯ ಒತ್ತಡ ಅಳೆಯುವ ಸೆನ್ಸರುಗಳ ಸಮೇತ, ನನಗೆ ನಾಲ್ಕುನೂರು ಡಾಲರಿಗೆ ದೊರೆತವು. ಹೊಸ ಅಲಾಯ್ ರಿಮ್ಮುಗಳಲ್ಲಿ ಗುಣಮಟ್ಟದ ಯಾವುದೇ ಜೊತೆಯೂ ಈ ಬೆಲೆಗೆ ಸಿಗುವುದಿಲ್ಲ. ಸಿಗುವ ಅಗ್ಗದ ನಕಲುಗಳನ್ನು ಮಿಶಿಗನ್‌ನ ಗುಂಡಿಬಿದ್ದ ರಸ್ತೆಗಳಲ್ಲಿ ನಂಬುವ ಧೈರ್ಯ ನನಗಿಲ್ಲ. ಕೊಳ್ಳುವಾಗ ರಿಮ್ಮನ್ನು ಬೆಳಕಿಗೆ ಹಿಡಿದು ಒಳಭಾಗದ ಅಂಚನ್ನು ಬೆರಳಿನಿಂದ ಸವರಿ ನೋಡಬೇಕು. ಗುಂಡಿಗೆ ಬಿದ್ದ ರಿಮ್ಮು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಒಳ ಅಂಚಿನಲ್ಲಿ ಮಾತ್ರ ಡೊಂಕಾಗಿರುತ್ತದೆ.

ಆ ರಿಮ್ಮುಗಳಿಗೆ 255/40 ಅಳತೆಯ, ಅಂದರೆ 255 ಮಿಲಿಮೀಟರ್ ಅಗಲದ ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್ ಟೈರುಗಳನ್ನು ಹಾಕಿಸಿದೆ. ನಾಲ್ಕಕ್ಕೆ ಸಾವಿರದ ಇನ್ನೂರು ಡಾಲರಿನ ಆಸುಪಾಸು. ಕೂರಿಸುವುದು, ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟ್ ಸೇರಿ ಇನ್ನೊಂದು ಇನ್ನೂರು. ಮೂರು ಸಾವಿರದಲ್ಲಿ ಸಾವಿರದ ಎಂಟುನೂರು ರಬ್ಬರಿಗೂ ರಿಮ್ಮಿಗೂ ಹೋಯಿತೆಂದು ಹೆಂಡತಿಗೆ ಹೇಳಿದಾಗ ಆಕೆ, ಕಾರು ಮೊದಲಿನ ಹಾಗೆಯೇ ಕಾಣುತ್ತಿದೆಯಲ್ಲ ಎಂದಳು. ಅದು ನಿಜವೇ. ಆದರೆ ಮೊದಲ ತಿರುವಿನಲ್ಲಿಯೇ ಕಾರು ಬೇರೆಯಾಗಿತ್ತು. ಆಲ್-ಸೀಸನ್ ಟೈರಿನಲ್ಲಿ ಸ್ಟಿಯರಿಂಗ್ ತಿರುಗಿಸಿದ ಮೇಲೆ ಮುಂಭಾಗವು ಒಂದು ಕ್ಷಣ ಯೋಚಿಸಿ ಹೊರಳುತ್ತಿತ್ತು. ಈಗ ಆ ಕ್ಷಣವೇ ಇಲ್ಲ. ಎರಡನೆಯ ಗೇರಿನಲ್ಲಿ ಆಕ್ಸಿಲರೇಟರನ್ನು ಮುಕ್ಕಾಲು ಒತ್ತಿದರೂ ಹಿಂಭಾಗ ಪಕ್ಕಕ್ಕೆ ಜಾರುವ ಬದಲು ಕುಳಿತು ತಳ್ಳುತ್ತದೆ. ಬ್ರೇಕು ಹಿಡಿದಾಗ ನಿಲ್ಲುವ ದೂರ ಕಡಿಮೆಯಾದದ್ದಕ್ಕೂ ಬ್ರೇಕನ್ನು ಹೊಗಳಬೇಕಿಲ್ಲ, ಅದೂ ಟೈರಿನದೇ ಕೆಲಸ.

ಬೇಸಿಗೆ ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ಟ್ರೆಡ್‌ವೇರ್ ಅಂಕಿಯನ್ನು ಓದುವ ಅಭ್ಯಾಸ ಒಳ್ಳೆಯದು. ಈ ಟೈರಿಗೆ ಅದು 300. ಅಂಕಿ ಕಡಿಮೆಯಾದಷ್ಟು ರಬ್ಬರು ಮೃದು, ಹಿಡಿತ ಹೆಚ್ಚು, ಆಯುಸ್ಸು ಕಡಿಮೆ ಎಂಬುದು ಸ್ಥೂಲ ಅರ್ಥ. ಪಂದ್ಯಗಳಿಗೆ ಹೋಗುವವರು ಬಳಸುವ 200ರ ಟೈರುಗಳ ಹಿಡಿತ ಇನ್ನೂ ಚೆನ್ನಾಗಿರುತ್ತದೆ, ಆದರೆ ಅವು ಬೇಗ ಸವೆಯುತ್ತವೆ ಮತ್ತು ಹೆದ್ದಾರಿಯಲ್ಲಿ ಗದ್ದಲ ಮಾಡುತ್ತವೆ. ಈ ಅಂಕಿಯನ್ನು ಕೊಡುವವರು ಸ್ವತಃ ತಯಾರಕರೇ ಆದ್ದರಿಂದ ಬೇರೆ ಬೇರೆ ಕಂಪನಿಗಳ ನಡುವಿನ ಹೋಲಿಕೆಗೆ ಅದನ್ನು ಹೆಚ್ಚು ನಂಬಬಾರದು.

ಎರಡನೆಯದು ಬ್ರೇಕು. ಬ್ರೆಂಬೋ ಇಲ್ಲದ ಜಿಟಿಯ ಮುಂದಿನ ಡಿಸ್ಕ್ 13.2 ಅಂಗುಲ ವ್ಯಾಸದ್ದು. ಗಾತ್ರದಲ್ಲಿ ಅದು ಸಣ್ಣದೇನಲ್ಲ. ದೊಡ್ಡ ಬ್ರೇಕಿನ ಕಿಟ್ಟುಗಳನ್ನು ಮಾರುವವರು ಏನೇ ಹೇಳಲಿ, ರಸ್ತೆಯಲ್ಲಿ ಓಡುವ ಕಾರಿಗೆ ಪ್ಯಾಡ್ ಮತ್ತು ದ್ರವ ಬದಲಾಯಿಸಿದರೆ ಸಾಕು. ಗಂಟೆಗೆ ನೂರು ಮೈಲಿ ವೇಗದ ಕಾರಿನಲ್ಲಿರುವ ಚಲನಶಕ್ತಿ ಐವತ್ತು ಮೈಲಿಯದರ ಎರಡರಷ್ಟಲ್ಲ, ನಾಲ್ಕರಷ್ಟು. ಅದೆಲ್ಲವೂ ಶಾಖವಾಗಿ ಡಿಸ್ಕಿಗೂ ಪ್ಯಾಡಿಗೂ ಅಲ್ಲಿಂದ ದ್ರವಕ್ಕೂ ಇಳಿಯುತ್ತದೆ. ಬ್ರೇಕಿನ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇವು 230 ಮತ್ತು 155. ಕುದಿದ ದ್ರವದಲ್ಲಿ ಆವಿಯ ಗುಳ್ಳೆಗಳೇಳುತ್ತವೆ, ಗುಳ್ಳೆಗಳು ಕುಗ್ಗುತ್ತವೆ, ಪೆಡಲು ಹತ್ತಿಯನ್ನು ತುಳಿದಂತೆ ಕೆಳಗಿಳಿಯುತ್ತದೆ. ಹಿಂದಿನ ಮಾಲೀಕರು ದ್ರವವನ್ನು ಎಂದಾದರೂ ಬದಲಾಯಿಸಿದ್ದರೆಂಬ ದಾಖಲೆ ಇರಲಿಲ್ಲ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನಿಂದ ಹೊರಬಂದದ್ದು ಕಷಾಯದ ಬಣ್ಣದಲ್ಲಿತ್ತು. ಹೊಸ ದ್ರವ ಕುದಿಯುವುದು 280 ಡಿಗ್ರಿಯಲ್ಲಿ ಎಂದು ಹೇಳಲಾದ ಎಟಿಇ ಟೈಪ್ 200 ಹಾಗೂ ಹಾಕ್ ಕಂಪನಿಯ ರಸ್ತೆ ಬಳಕೆಯ ಪ್ಯಾಡುಗಳು, ಮುಂದೆ ಹಿಂದೆ ಎರಡೂ ಸೇರಿ, ಒಟ್ಟು ಇನ್ನೂರೈವತ್ತು ಡಾಲರ್. ಕೆಲಸವನ್ನು ನಾನೇ ಮನೆಯ ಗ್ಯಾರೇಜಿನಲ್ಲಿ ಮಾಡಿಕೊಂಡೆ. ಪಟ್ಟಿಯಲ್ಲಿ ಅತ್ಯಂತ ನೀರಸವಾದ ಈ ಬಾಬ್ತಿಗೆ ನಾನು ಎರಡನೆಯ ಸ್ಥಾನ ಕೊಟ್ಟದ್ದು ದ್ರವ ಕುದಿಯುವ ಆ ಅಪಾಯದಿಂದಾಗಿ.

ಮೂರನೆಯದು ಮಸ್ಟಾಂಗಿನ ಆ ಪೀಳಿಗೆಗೇ ವಿಶಿಷ್ಟವಾದದ್ದು. ಒಂದೇ ಕೊಳವೆಯ ಆಕ್ಸಲನ್ನು ಕಾರಿನ ಒಡಲಿಗೆ ಜೋಡಿಸುವ ಲೋಯರ್ ಕಂಟ್ರೋಲ್ ಆರ್ಮ್ ಎಂಬ ಎರಡು ತೋಳುಗಳು ಮಡಚಿದ ತಗಡಿನವು, ಅವುಗಳ ತುದಿಯಲ್ಲಿ ಕಂಪನ ಹೀರುವ ಬುಷ್‌ಗಳು ಮೆತ್ತನೆಯ ರಬ್ಬರಿನವು. ನಯವಾದ ಪ್ರಯಾಣಕ್ಕೆ ಅದು ಸರಿಯಾದ ಆಯ್ಕೆಯೇ. ಆದರೆ ಜೋರಾಗಿ ಹೊರಟಾಗ ಆಕ್ಸಲ್ ತನ್ನ ಸುತ್ತ ತಾನೇ ಹೊರಳಲು ಯತ್ನಿಸುತ್ತದೆ, ರಬ್ಬರು ಹಿಂಡಿಕೊಳ್ಳುತ್ತದೆ, ಟೈರು ಒಂದು ಕ್ಷಣ ಜಾರಿದೊಡನೆ ರಬ್ಬರು ಹಿಂದಕ್ಕೆ ಚಿಮ್ಮುತ್ತದೆ, ಟೈರು ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ಹಲವು ಬಾರಿ ಹೀಗೆ ನಡೆದಾಗ ಹಿಂಭಾಗವೆಲ್ಲ ಕಲ್ಲುಹಾಸಿನ ಮೇಲೆ ಎತ್ತಿನ ಗಾಡಿ ಓಡಿಸಿದಂತೆ ದಡದಡ ಕುಪ್ಪಳಿಸುತ್ತದೆ. ವೀಲ್ ಹಾಪ್ ಎಂದು ಕರೆಯುವ ಈ ಕುಪ್ಪಳಿಕೆ ಕಿವಿಗೆ ಅಹಿತವಾಗಿರುವುದು ಮಾತ್ರವಲ್ಲ, ಆಕ್ಸಲಿನ ದಂಡವನ್ನೇ ಮುರಿಯಬಲ್ಲದು. ಟೈರಿನ ಹಿಡಿತ ಹೆಚ್ಚಿದಂತೆ ಅದರ ಪೆಟ್ಟೂ ಹೆಚ್ಚುತ್ತದೆ, ಆದ್ದರಿಂದ ಟೈರಾದ ಮೇಲೆ ಇದು ಬರಲೇಬೇಕಾಗಿತ್ತು.

ಚೌಕಾಕಾರದ ಉಕ್ಕಿನ ಕೊಳವೆಯಿಂದ ಮಾಡಿದ, ಪಾಲಿಯುರಿಥೇನ್ ಬುಷ್‌ಗಳಿರುವ ತೋಳುಗಳ ಒಂದು ಜೋಡಿಗೆ ಇನ್ನೂರ ಇಪ್ಪತ್ತು ಡಾಲರ್ ಕೊಟ್ಟೆ. ಗ್ರೀಸ್ ನಿಪ್ಪಲ್ ಇರುವವನ್ನೇ ಕೊಳ್ಳಬೇಕೆಂಬುದು ನನ್ನ ಸಲಹೆ, ಏಕೆಂದರೆ ಪಾಲಿಯುರಿಥೇನ್ ಒಣಗಿದರೆ ಹಳೆಯ ಬಾಗಿಲಿನಂತೆ ಕಿರುಗುಟ್ಟುತ್ತದೆ. ಜೋಡಿಸುವುದಕ್ಕೆ ಒಂದು ಗಂಟೆಯ ಕೆಲಸವೆಂದು ಎಲ್ಲರೂ ಹೇಳುತ್ತಾರೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ರಾಜ್ಯದಲ್ಲಿ ಓಡಿದ ಕಾರಿನಲ್ಲಿ ಬೋಲ್ಟು ಅಲುಗಾಡಿಸುವುದಕ್ಕೇ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಬೇಕಾಯಿತು. ಫಲ ಮಾತ್ರ ಸಂದೇಹಕ್ಕೆ ಎಡೆಯಿಲ್ಲದಂತಿತ್ತು: ಕುಪ್ಪಳಿಕೆ ನಿಂತಿತು, ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲಿನ ಸಣ್ಣ ಗುಂಯ್‌ಗುಡುವಿಕೆ ಒಳಗೆ ಸ್ವಲ್ಪ ಹೆಚ್ಚು ಕೇಳಿಸತೊಡಗಿತು. ಇದರೊಂದಿಗೆ ಮಾರುವ, ತೋಳಿನ ಹಿಂದಿನ ತುದಿಯನ್ನು ಕೆಳಗಿಳಿಸುವ ಬ್ರಾಕೆಟ್ಟುಗಳನ್ನು ನಾನು ಕೊಳ್ಳಲಿಲ್ಲ. ಕಾರನ್ನು ಗಿಡ್ಡ ಸ್ಪ್ರಿಂಗ್ ಹಾಕಿ ತಗ್ಗಿಸಿದವರಿಗೆ ಅವು ಬೇಕು. ಕಾರ್ಖಾನೆಯ ಎತ್ತರದಲ್ಲಿಯೇ ಇರುವ ಕಾರಿನಲ್ಲಿ ತೋಳುಗಳ ಕೋನ ಸರಿಯಾಗಿಯೇ ಇರುತ್ತದೆ. ತಗ್ಗಿಸುವ ಸ್ಪ್ರಿಂಗನ್ನು ಮೊದಲ ಪಟ್ಟಿಯಲ್ಲಿ ಸೇರಿಸುವವರು ಈ ಬ್ರಾಕೆಟ್ಟು, ಆಕ್ಸಲನ್ನು ನಡುವಿಗೆ ತರಲು ಹೊಂದಿಸಬಹುದಾದ ಪ್ಯಾನ್‌ಹಾರ್ಡ್ ಸರಳು, ಬೇಗ ಸವೆಯುವ ಶಾಕ್ ಅಬ್ಸಾರ್ಬರು ಇವೆಲ್ಲದರ ಬೆಲೆಯನ್ನೂ ಕೂಡಿಸಿಕೊಂಡರೆ ಒಳಿತು.

ನಡುವೆ ನಲವತ್ತು ಡಾಲರಿನ ಒಂದು ಸಣ್ಣ ವಸ್ತುವಿನ ಬಗ್ಗೆ. ಈ ಪೀಳಿಗೆಯ ಕ್ಲಚ್ ಪೆಡಲಿಗೆ ಕಾಲಿನ ಶ್ರಮ ಕಡಿಮೆ ಮಾಡಲೆಂದು ಒಂದು ಸಹಾಯಕ ಸ್ಪ್ರಿಂಗ್ ಇದೆ. ಅದು ಪೆಡಲನ್ನು ಹಗುರಗೊಳಿಸುವುದರ ಜೊತೆಗೆ ಕ್ಲಚ್ ಎಲ್ಲಿ ಹಿಡಿಯುತ್ತದೆಂಬ ಸ್ಪರ್ಶವನ್ನೂ ಮಂಕಾಗಿಸುತ್ತದೆ. ಸ್ಟೀಡಾ ಕಂಪನಿಯವರು ಅದರ ಬದಲಿಗೆ ಮಾರುವ ಸೌಮ್ಯವಾದ ಸ್ಪ್ರಿಂಗನ್ನು ಡ್ಯಾಶ್‌ಬೋರ್ಡಿನ ಕೆಳಗೆ ತಲೆಕೆಳಗಾಗಿ ಮಲಗಿ ಇಪ್ಪತ್ತು ನಿಮಿಷದಲ್ಲಿ ಹಾಕಿಕೊಳ್ಳಬಹುದು. ಒಂದು ಡಾಲರಿಗೆ ಎಷ್ಟು ಸಂತೋಷ ಎಂದು ಅಳೆಯುವುದಾದರೆ ಇಡೀ ಪಟ್ಟಿಯಲ್ಲಿ ಇದೇ ಮೊದಲು. ಕತ್ತುನೋವು ಮಾತ್ರ ಎರಡು ದಿನ ಇತ್ತು.

ಇಷ್ಟಕ್ಕೆ ಎರಡು ಸಾವಿರದ ಮುನ್ನೂರ ಹತ್ತು ಡಾಲರ್ ಮುಗಿಯಿತು. ಉಳಿದದ್ದು ಏಳುನೂರಕ್ಕೆ ಹತ್ತು ಕಡಿಮೆ. ಎಂಜಿನ್ನಿನ ಆಸೆ ಮತ್ತೆ ತಲೆಯೆತ್ತಿದ್ದು ಆಗಲೇ.

ಎಲ್ಲರೂ ಮೊದಲು ಕೊಳ್ಳುವುದು ಕೋಲ್ಡ್ ಏರ್ ಇಂಟೇಕ್ ಎಂಬ ಗಾಳಿಯ ಕೊಳವೆಯನ್ನು, ಮತ್ತು ಎಂಜಿನ್ ಕಂಪ್ಯೂಟರಿನ ಮರುಹೊಂದಿಕೆಯನ್ನು. ಎರಡೂ ಸೇರಿ ಏಳೆಂಟುನೂರು ಡಾಲರ್ ಆಗುತ್ತದೆ. ಇದನ್ನು ನಾನು ಕೊಳ್ಳಲಿಲ್ಲ, ಕಾರಣ ಹೇಳುತ್ತೇನೆ. ಕಯೋಟಿ ಎಂಜಿನ್ನಿನ ಮೂಲ ಏರ್‌ಬಾಕ್ಸೇ ಗಾಳಿಯನ್ನು ಕಾರಿನ ಮುಂಭಾಗದಿಂದ, ಅಂದರೆ ಹೊರಗಿನ ತಣ್ಣನೆಯ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಹಾಗಾಗಿ ಹೆಸರಿನಲ್ಲಿರುವ ತಂಪು ಹೊಸದಾಗಿ ಬರುವಂಥದ್ದಲ್ಲ. ಕೊಳವೆಯ ವ್ಯಾಸ ಹೆಚ್ಚಿದರೆ ಗಾಳಿಯ ಪ್ರಮಾಣ ಅಳೆಯುವ ಸೆನ್ಸರಿನ ಮುಂದೆ ಅದೇ ಗಾಳಿ ನಿಧಾನವಾಗಿ ಹಾಯುತ್ತದೆ, ಸೆನ್ಸರು ಕಡಿಮೆ ಗಾಳಿ ಬಂದಿದೆಯೆಂದು ತಪ್ಪು ತಿಳಿಯುತ್ತದೆ, ಕಂಪ್ಯೂಟರು ಪೆಟ್ರೋಲನ್ನು ಕಡಿಮೆ ಮಾಡುತ್ತದೆ. ಗಾಳಿಯನ್ನು ಹನ್ನೊಂದರಲ್ಲಿ ಒಂದು ಪಾಲಿಗೆ ಒತ್ತುವ (11:1 ಕಂಪ್ರೆಷನ್ನಿನ) ಎಂಜಿನ್ನಿಗೆ ಅದು ಅಪಾಯ. ಆದ್ದರಿಂದ ಅಗಲ ಕೊಳವೆಯ ಕಿಟ್ಟುಗಳಿಗೆ ಮರುಹೊಂದಿಕೆ ಕಡ್ಡಾಯ. ಆಗ ಸಿಗುವ ಲಾಭದ ಹೆಚ್ಚಿನ ಪಾಲು ಬರುವುದು ಕೊಳವೆಯಿಂದಲ್ಲ, 93 ಆಕ್ಟೇನಿನ ಮೇಲ್ದರ್ಜೆಯ ಪೆಟ್ರೋಲಿಗೆ ತಕ್ಕಂತೆ ಕಿಡಿಯ ಹೊತ್ತನ್ನು ಹೊಂದಿಸಿದ ಮರುಹೊಂದಿಕೆಯ ಕಂಪ್ಯೂಟರ್ ಕಡತದಿಂದ. ಹಣವಿದ್ದವರು ಮೂಲ ಏರ್‌ಬಾಕ್ಸನ್ನೇ ಇಟ್ಟುಕೊಂಡು ಕಡತವನ್ನಷ್ಟೇ ಕೊಂಡರೆ ಅರ್ಧ ಹಣದಲ್ಲಿ ಮುಕ್ಕಾಲು ಪ್ರಯೋಜನ ಸಿಗುತ್ತದೆಂಬುದು ನನ್ನ ಅಂದಾಜು. ಇನ್ನು ಕಾರಿನೊಳಗೆ ಕೇಳುವ ಆ ಹೀರುವ ಸದ್ದು. ಅದನ್ನು ಶಕ್ತಿಯೆಂದು ಭಾವಿಸುವುದು ಮನುಷ್ಯಸಹಜ.

ಸೈಲೆನ್ಸರಿನ ವಿಚಾರವೂ ಇಂಥದ್ದೇ. ಆರ್‌ಎಕ್ಸ್ 100 ಬೈಕಿನ ಸೈಲೆನ್ಸರನ್ನು ಕೊರೆಸಿ ಬೀದಿಯವರ ಬೈಗುಳ ತಿಂದು ಬೆಳೆದ ನಮ್ಮ ಪೀಳಿಗೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಕ್ಸಲಿನ ಹಿಂದಿರುವ ಎರಡು ಮಫ್ಲರುಗಳನ್ನು ಮಾತ್ರ ಬದಲಾಯಿಸುವ ಆಕ್ಸಲ್-ಬ್ಯಾಕ್ ಕಿಟ್ಟಿಗೆ ನಾಲ್ಕುನೂರರಿಂದ ಆರುನೂರು ಡಾಲರ್. ಅದರಿಂದ ಶಕ್ತಿ ಹೆಚ್ಚುವುದಿಲ್ಲವೆಂದೇ ಹೇಳಬೇಕು. ಆಗಸ್ಟಿನಲ್ಲಿ ವುಡ್‌ವರ್ಡ್ ಅವೆನ್ಯೂದಲ್ಲಿ ಡ್ರೀಮ್ ಕ್ರೂಸ್ ಎಂಬ ಕಾರುಗಳ ಮೆರವಣಿಗೆ ನಡೆಯುವ ದಿನ ಸುತ್ತಲೂ ನೂರಾರು ವಿ8ಗಳು ಗುಡುಗುತ್ತಿರುವಾಗ ನನ್ನ ಕಾರು ಸಭ್ಯವಾಗಿ ಗುನುಗುತ್ತಿತ್ತೆಂಬುದು ನಿಜ, ಮನಸ್ಸು ಚಂಚಲವಾದದ್ದೂ ನಿಜ. ಸದ್ದಿಗಾಗಿ ಕೊಳ್ಳುವುದು ತಪ್ಪಲ್ಲ, ಆದರೆ ಖರ್ಚಿನ ಪುಸ್ತಕದಲ್ಲಿ ಅದನ್ನು ಓಟದ ಸುಧಾರಣೆ ಎಂದು ಬರೆಯಬಾರದು. ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ತೆಗೆಸುವ, ಎಂಜಿನ್ನಿನಿಂದ ಹೊಗೆ ಹೊರತರುವ ಉದ್ದ ಕೊಳವೆಯ ಹೆಡರುಗಳಿಂದ ಶಕ್ತಿ ನಿಜವಾಗಿಯೂ ಬರುತ್ತದೆ. ಮಿಶಿಗನ್‌ನಲ್ಲಿ ಕಾಲಕಾಲಕ್ಕೆ ಹೊಗೆ ತಪಾಸಣೆ ಇಲ್ಲ ಎಂಬ ಕಾರಣಕ್ಕೆ ಇಲ್ಲಿ ಅನೇಕರು ಅದನ್ನು ಮಾಡಿಸುತ್ತಾರೆ. ಆದರೆ ಕನ್ವರ್ಟರ್ ತೆಗೆಯುವುದನ್ನು ನಿಷೇಧಿಸಿರುವುದು ಒಕ್ಕೂಟ ಸರ್ಕಾರದ ಕಾನೂನು, ರಾಜ್ಯದ್ದಲ್ಲ. ಕ್ಯಾಲಿಫೋರ್ನಿಯದಲ್ಲಿರುವ ಕನ್ನಡಿಗರು ಇಂಟೇಕ್ ಆಗಲಿ ಮರುಹೊಂದಿಕೆಯಾಗಲಿ, ಆ ರಾಜ್ಯದ ವಾಯು ಮಂಡಳಿ ಕೊಟ್ಟ ವಿನಾಯಿತಿ ಆದೇಶದ ಸಂಖ್ಯೆ ಇದೆಯೇ ಎಂದು ನೋಡಿಯೇ ಕೊಳ್ಳಬೇಕು. ಇಲ್ಲದಿದ್ದರೆ ಮುಂದಿನ ಸ್ಮಾಗ್ ತಪಾಸಣೆಯಲ್ಲಿ ಎಲ್ಲವನ್ನೂ ಕಳಚಬೇಕಾಗುತ್ತದೆ.

ಉಳಿದ ಹಣವನ್ನು ನಾನು ಹಾಕಿದ್ದು ಹಿಂದಿನ ಆಕ್ಸಲಿನ ಗೇರಿಗೆ, 3.31ರಿಂದ 3.73ಕ್ಕೆ. ಫೋರ್ಡ್ ಕಂಪನಿಯೇ ಆ ವರ್ಷಗಳಲ್ಲಿ ಐಚ್ಛಿಕವಾಗಿ ಕೊಡುತ್ತಿದ್ದ ಅನುಪಾತವದು. ಎಲ್ಲ ಗೇರುಗಳಲ್ಲಿಯೂ ಚಕ್ರಕ್ಕೆ ತಲುಪುವ ಬಲ ನೂರಕ್ಕೆ 12.7ರಷ್ಟು ಹೆಚ್ಚುತ್ತದೆ. ಮೊದಲೆರಡು ಗೇರುಗಳಲ್ಲಿ ಟೈರಿನ ಮಿತಿ ಈಗಾಗಲೇ ಮೀರಿದೆಯಲ್ಲ, ಮತ್ತೇಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಉತ್ತರ ಮೂರನೆಯ ಗೇರಿನಲ್ಲಿದೆ: ಅಲ್ಲಿ 1,690 ಪೌಂಡ್ ಇದ್ದ ಬಲ 1,900ಕ್ಕೆ ಏರುತ್ತದೆ, ಆದರೂ ಟೈರಿನ ಮಿತಿಯೊಳಗೇ ಉಳಿಯುತ್ತದೆ. ಅಂದರೆ ಟೈರಿನಲ್ಲಿ ಉಪಯೋಗವಾಗದೆ ಉಳಿದಿದ್ದ ಹಿಡಿತವನ್ನು ಎಂಜಿನ್ನಿನ ಒಂದು ಬೋಲ್ಟನ್ನೂ ಮುಟ್ಟದೆ ಬಳಸಿಕೊಂಡಂತಾಯಿತು. ಹೆದ್ದಾರಿಯಲ್ಲಿ ಆರನೆಯ ಗೇರಿನಲ್ಲಿ ಗಂಟೆಗೆ ಎಪ್ಪತ್ತು ಮೈಲಿ ಹೋಗುವಾಗ ಎಂಜಿನ್ನಿನ ಸುತ್ತುಗಳು ಸುಮಾರು 1,850ರಿಂದ 2,100ಕ್ಕೆ ಏರುತ್ತವೆ. ಆ ನಷ್ಟ ಸಹ್ಯ. ಮೊದಲ ಗೇರು ಮಾತ್ರ ಕಾರನ್ನು ಅಲುಗಾಡಿಸಲಷ್ಟೇ ಸಾಕು ಎನ್ನುವಷ್ಟು ಗಿಡ್ಡವಾಗಿದೆ, ಇದನ್ನು ಮುಚ್ಚಿಡುವುದಿಲ್ಲ.

ಬಿಡಿಭಾಗಗಳಿಗೆ ಮುನ್ನೂರೈವತ್ತು, ಕೂಲಿಗೆ ಆರುನೂರು. ಈ ಒಂದು ಕೆಲಸವನ್ನು ಮನೆಯಲ್ಲಿ ಮಾಡಲಾಗದು. ಪಿನಿಯನ್ ಎಂಬ ಸಣ್ಣ ಗೇರು ಎಷ್ಟು ಆಳದಲ್ಲಿ ಕೂರಬೇಕು, ಹಲ್ಲುಗಳ ನಡುವೆ ಎಷ್ಟು ಸಡಿಲ ಇರಬೇಕು ಎಂಬುದನ್ನು ಅಂಗುಲದ ಸಾವಿರದ ಭಾಗಗಳಲ್ಲಿ ಅಳೆದು ಹೊಂದಿಸಬೇಕು. ನಾನು ಮೊದಲು ಹೋದ ಅಂಗಡಿಯ ಹೆಸರು ಇಲ್ಲಿ ಬೇಡ. ಒಪ್ಪಿದ ದಿನಕ್ಕೇ ಕಾರನ್ನು ಕೊಟ್ಟರು, ನಗುನಗುತ್ತಾ ಮಾತಾಡಿದರು. ಮನೆ ತಲುಪುವಷ್ಟರಲ್ಲಿ ಗಂಟೆಗೆ ನಲವತ್ತೈದು ಮೈಲಿಯ ಹತ್ತಿರ ಆಕ್ಸಿಲರೇಟರ್ ಬಿಟ್ಟಾಗಲೆಲ್ಲ ಹಿಂದಿನಿಂದ ಹಿಟ್ಟಿನ ಗಿರಣಿಯ ಕೂಗು ಕೇಳತೊಡಗಿತ್ತು. ಹೊಸ ಗೇರು ಹಾಗೆಯೇ, ಪಳಗಿದ ಮೇಲೆ ಸರಿಹೋಗುತ್ತದೆ ಎಂದರು. ಐದುನೂರು ಮೈಲಿ ಹದವಾಗಿ ಓಡಿಸಿ ಪಳಗಿಸಿದೆ, ಕೂಗು ಹೋಗಲಿಲ್ಲ. ಎರಡನೆಯ ಅಂಗಡಿಯಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಕವಚ ಬಿಚ್ಚಿ, ಹಲ್ಲುಗಳಿಗೆ ಹಳದಿ ಲೇಪ ಸವರಿ, ಚಕ್ರ ತಿರುಗಿಸಿ ನನ್ನನ್ನು ಕರೆದು ತೋರಿಸಿದರು. ಲೇಪ ಅಳಿಸಿಹೋದ ಗುರುತು ಹಲ್ಲಿನ ನಡುವೆ ಇರಬೇಕಾದದ್ದು ಅಂಚಿಗೆ ಸರಿದಿತ್ತು. ಒಂದೇ ಚಕ್ರ ವ್ಯರ್ಥವಾಗಿ ಸುತ್ತದಂತೆ ತಡೆಯುವ ಸೀಮಿತ ಜಾರಿಕೆಯ ಡಿಫರೆನ್ಷಿಯಲಿಗೆ ಆಯಿಲಿನೊಂದಿಗೆ ಹಾಕಬೇಕಾದ, ಘರ್ಷಣೆಯನ್ನು ಹದಗೊಳಿಸುವ ಫ್ರಿಕ್ಷನ್ ಮಾಡಿಫೈಯರನ್ನೂ ಮೊದಲಿನವರು ಹಾಕಿದಂತೆ ತೋರಲಿಲ್ಲ. ಪಾರ್ಕಿಂಗಿನಲ್ಲಿ ನಿಧಾನವಾಗಿ ತಿರುಗುವಾಗ ಕೇಳುತ್ತಿದ್ದ ನಡುಕದ ಸದ್ದಿಗೆ ಅದೇ ಕಾರಣವೆಂದು ಅವರು ಹೇಳಿದರು, ಹಾಕಿದ ಮೇಲೆ ಅದೂ ನಿಂತಿತು. ಮರುಜೋಡಣೆಗೆ ಇನ್ನೂ ಐದುನೂರು ಡಾಲರ್ ತೆತ್ತೆ. ಹೀಗೆ ಮೂರು ಸಾವಿರದ ಗೆರೆಯನ್ನು ದಾಟಿದ್ದು ಬಿಡಿಭಾಗದಿಂದಲ್ಲ, ಕೂಲಿಯಿಂದ.

ಆದ್ದರಿಂದ ಗೇರು ಹಾಕಿಸುವವರು ಮುಂಗಡ ಕೊಡುವ ಮೊದಲೇ ಎರಡು ಮಾತು ಕೇಳಬೇಕು: ಲೇಪದ ಗುರುತಿನ ಚಿತ್ರ ತೆಗೆದು ಕೊಡುತ್ತೀರಾ, ಹಲ್ಲಿನ ಸಡಿಲದ ಅಳತೆಯನ್ನು ಬಿಲ್ಲಿನಲ್ಲಿ ಬರೆಯುತ್ತೀರಾ? ಎರಡನೆಯ ಅಂಗಡಿಯವರು ಕೇಳದೆಯೇ ಎರಡನ್ನೂ ಮಾಡಿದ್ದರು. ಸ್ಪೀಡೋಮೀಟರು ತಪ್ಪು ತೋರಿಸದಂತೆ ಹೊಸ ಅನುಪಾತವನ್ನು ಕಂಪ್ಯೂಟರಿಗೆ ತಿಳಿಸುವ ಕೆಲಸವೂ ಕೂಲಿಯಲ್ಲಿ ಸೇರಿದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಬೇಕು.

ನನ್ನ ಪಟ್ಟಿ ಎಲ್ಲ ಕಾರುಗಳಿಗೂ ಹೊಂದುವುದಿಲ್ಲ. 2015ರಿಂದ ಮಸ್ಟಾಂಗಿನ ಹಿಂದಿನ ಚಕ್ರಗಳಿಗೆ, ಅವು ಬೇರೆಬೇರೆಯಾಗಿ ಏರಿಳಿಯುವ ಸ್ವತಂತ್ರ ಸಸ್ಪೆನ್ಷನ್ ಬಂದಿದೆ. ಅಲ್ಲಿ ಕುಪ್ಪಳಿಕೆಯ ಮೂಲ ಸಸ್ಪೆನ್ಷನ್ನನ್ನು ಹೊರುವ ಚೌಕಟ್ಟಾದ ಹಿಂದಿನ ಸಬ್‌ಫ್ರೇಮಿನ ಬುಷ್‌ಗಳಾದ್ದರಿಂದ, ತೋಳುಗಳ ಬದಲು ಅವುಗಳನ್ನು ಬಿಗಿಗೊಳಿಸುವ ಭಾಗಗಳನ್ನು ಕೊಳ್ಳಬೇಕು. ಎರಡು ಟನ್ನಿಗೆ ಹತ್ತಿರವಿರುವ ಡಾಡ್ಜ್ ಚಾಲೆಂಜರ್ ಕೊಂಡವರು ಬ್ರೇಕನ್ನು ಟೈರಿನ ಜೊತೆಜೊತೆಗೇ ಮಾಡಿಸಲಿ. ಬೆಂಗಳೂರಿನಿಂದ ನನ್ನ ಭಾವಮೈದುನ ಇದೇ ಪಟ್ಟಿಯನ್ನು ಕೇಳಿದ್ದ; 2016ರಿಂದ ಕೆಲವು ವರ್ಷ ಭಾರತದಲ್ಲಿ ಮಾರಾಟವಾದ ಮಸ್ಟಾಂಗ್ ಆಟೊಮ್ಯಾಟಿಕ್ ಗೇರಿನದು, ಸ್ವತಂತ್ರ ಸಸ್ಪೆನ್ಷನ್ನಿನದು. ಅಲ್ಲಿಯ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ತಯಾರಕರು ನಮೂದಿಸಿದ, ನೋಂದಣಿ ಪತ್ರದಲ್ಲಿರುವ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ; 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಮೂಲ ಅಳತೆಯ ಒಳ್ಳೆಯ ಟೈರು, ಹೊಸ ಬ್ರೇಕ್ ದ್ರವ, ಇವೆರಡನ್ನಷ್ಟೇ ಮಾಡಿಸು ಎಂದು ಅವನಿಗೆ ಬರೆದೆ.

ಕೊನೆಯದಾಗಿ ಟೈರಿನ ಬಗ್ಗೆಯೇ ಒಂದು ಎಚ್ಚರಿಕೆ, ಇದನ್ನು ಅಂಗಡಿಯವರು ಹೇಳಲು ಮರೆಯುತ್ತಾರೆ. ಬೇಸಿಗೆಯ ಟೈರುಗಳ ರಬ್ಬರು ಐದು ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಮರದ ಹಲಗೆಯಂತೆ ಗಡುಸಾಗುತ್ತದೆ, ಕಡುಚಳಿಯಲ್ಲಿ ಕಾರನ್ನು ಅಲುಗಿಸಿದರೆ ಸಾಕು, ಬಿರುಕು ಬಿಡಬಹುದು. ಬಿರುಕಿಗೆ ವಾರಂಟಿ ಅನ್ವಯಿಸುವುದಿಲ್ಲ. ಅಕ್ಟೋಬರ್ ಮುಗಿಯುವುದರೊಳಗೆ ಹತ್ತೊಂಬತ್ತು ಅಂಗುಲದ ಆ ನಾಲ್ಕನ್ನೂ ಕಳಚಿ, ಧೂಳು ಹೋಗುವಂತೆ ತೊಳೆದು ನೆಲಮಾಳಿಗೆಗೆ ಇಳಿಸುತ್ತೇನೆ. ಹಳೆಯ ಹದಿನೆಂಟು ಅಂಗುಲದ ರಿಮ್ಮುಗಳನ್ನು ಮಾರದೆ ಉಳಿಸಿಕೊಂಡದ್ದು ಈ ಕಾರಣಕ್ಕೇ. ಚಳಿಗಾಲದ ಟೈರು ಹಾಕಿಸಿಕೊಂಡು ಏಪ್ರಿಲ್‌ವರೆಗೆ ಕಾರು ಅವುಗಳ ಮೇಲೆ ನಿಲ್ಲುತ್ತದೆ.